ಕಾಲು ಸಡಿಲವಾದ ಬೆಂಚು ಯಾವುದು?

ನೀವು ಶಾಲೆಯ ಕಂಪ್ಯೂಟರಿನಲ್ಲಿ ನವಿಲಿನ ಚಿತ್ರ ಬಿಡಿಸುತ್ತಿದ್ದೀರಿ ಎಂದುಕೊಳ್ಳಿ. ಗರಿಗೆ ಬಣ್ಣ ತುಂಬುವಾಗ ಪರದೆ ತಟ್ಟನೆ ನಿಂತುಬಿಟ್ಟಿತು. ಮರುದಿನ ಬಣ್ಣ ತುಂಬುವಾಗ ಏನೂ ಆಗಲಿಲ್ಲ, ಆದರೆ ಮಗ್ಗಿ ಬರೆಯುವಾಗ ಕಂಪ್ಯೂಟರ್ ತಾನಾಗಿಯೇ ಆಫ್ ಆಗಿ ಮತ್ತೆ ಆನ್ ಆಯಿತು. ಮೂರನೆಯ ದಿನ ಸಂಜೆಯವರೆಗೂ ಜಾಣಮರಿಯ ಹಾಗೆ ಕೆಲಸ ಮಾಡಿತು. ಏನಾಗಿದೆ ಇದಕ್ಕೆ?

ಸ್ವಲ್ಪ ಅಡುಗೆಮನೆಗೆ ಹೋಗಿಬರೋಣ. ಅಜ್ಜಿ ಹೇಳಿದ ಉಪ್ಪಿನ ಅಳತೆಯನ್ನು ನೀವು ತಪ್ಪಾಗಿ ಬರೆದುಕೊಂಡಿದ್ದರೆ ಸಾರು ಮಾಡಿದಾಗಲೆಲ್ಲ ಉಪ್ಪಾಗುತ್ತದೆ. ಅಳತೆ ಸರಿಯಾಗಿಯೇ ಇದ್ದು, ಸಾರು ಒಂದು ದಿನ ಚೆನ್ನಾಗಿ ಕುದಿದು ಇನ್ನೊಂದು ದಿನ ಕುದಿಯದೇ ಹೋದರೆ? ಆಗ ಒಲೆಯನ್ನು ನೋಡಬೇಕು, ಅಲ್ಲವೇ?

ಕಂಪ್ಯೂಟರಿನಲ್ಲೂ ಹೀಗೆಯೇ. ಅದಕ್ಕೆ ಬರೆದುಕೊಟ್ಟ ಸೂಚನೆಗಳು ಸಾಫ್ಟ್‌ವೇರ್. ಕೈಯಲ್ಲಿ ಮುಟ್ಟಬಹುದಾದ ಭಾಗಗಳು ಹಾರ್ಡ್‌ವೇರ್. ಒಂದೇ ಕೆಲಸದಲ್ಲಿ ಪ್ರತಿ ಸಲ ಎಡವುತ್ತಿದ್ದರೆ ಮೊದಲು ಸಾಫ್ಟ್‌ವೇರನ್ನು ಅನುಮಾನಿಸಿ. ಯಾವ ಕೆಲಸ ಕೊಟ್ಟರೂ, ಹೊತ್ತಿಲ್ಲದ ಹೊತ್ತಿನಲ್ಲಿ ಎಡವುತ್ತಿದ್ದರೆ ಹಾರ್ಡ್‌ವೇರನ್ನು ಅನುಮಾನಿಸಿ.

ಈಗ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಕಂಪ್ಯೂಟರ್ ನಿಂತಾಗ ಗಂಟೆ ಎಷ್ಟು? ಆನ್ ಮಾಡಿ ಎಷ್ಟು ಹೊತ್ತಾಗಿತ್ತು? ಏನು ಮಾಡುತ್ತಿದ್ದಿರಿ? ಪ್ರತಿ ಸಲವೂ ಬರೆದಿಡಿ. ಹತ್ತು ಸಾಲು ತುಂಬಿದ ಮೇಲೆ ಓದಿ ನೋಡಿ. ಬೇಕಾಬಿಟ್ಟಿ ಎಂದು ತೋರಿದ್ದರಲ್ಲೂ ಒಮ್ಮೊಮ್ಮೆ ಒಂದು ಸುಳಿವು ಮೆಲ್ಲಗೆ ಕಾಣಿಸಿಕೊಳ್ಳುತ್ತದೆ.

ಆನ್ ಮಾಡಿ ಅರ್ಧ ಗಂಟೆಯಾದ ಮೇಲೆ, ಅದೂ ಬಿಸಿಲಿನ ಮಧ್ಯಾಹ್ನಗಳಲ್ಲೇ ನಿಲ್ಲುತ್ತಿದ್ದರೆ ಬಿಸಿಯ ಕಡೆ ನೋಡಿ. ಲೆಕ್ಕ ಮಾಡುವ ಚಿಪ್ಪು ದುಡಿಯುತ್ತಾ ಕಾಯುತ್ತದೆ. ಅದರ ಮೇಲೊಂದು ಪುಟ್ಟ ಫ್ಯಾನ್ ಗಾಳಿ ಬೀಸುತ್ತಿರುತ್ತದೆ. ಹಿಟ್ಟು ಕಟ್ಟಿಕೊಂಡ ಜರಡಿಯ ಹಾಗೆ ಅಲ್ಲಿ ಧೂಳು ತುಂಬಿದರೆ ಗಾಳಿ ಆಡುವುದಿಲ್ಲ. ಬಿಸಿ ಸುಮಾರು 100 ಡಿಗ್ರಿ ಮುಟ್ಟಿದರೆ ಬಹಳಷ್ಟು ಚಿಪ್ಪುಗಳು ಮೊದಲು ನಿಧಾನವಾಗುತ್ತವೆ, ಆಗಲೂ ತಣಿಯದಿದ್ದರೆ ಸುಟ್ಟುಹೋಗದಿರಲೆಂದು ಕೆಲಸವನ್ನೇ ನಿಲ್ಲಿಸುತ್ತವೆ.

ಬಿಸಿಯ ಸುಳಿವೇ ಇಲ್ಲವೇ? ಹಾಗಾದರೆ ಮೆಮೊರಿಯನ್ನು ನೋಡೋಣ. ಇದನ್ನು ರ‍್ಯಾಮ್ ಎನ್ನುತ್ತಾರೆ, ನೋಡಲು ಉದ್ದನೆಯ ಹಸಿರು ಪಟ್ಟಿ. ಕಂಪ್ಯೂಟರ್ ಕೆಲಸ ಮಾಡುವಾಗ ಎಲ್ಲವನ್ನೂ ಇದರ ಮೇಲೆ ಬರೆದುಕೊಂಡು ಅಳಿಸುತ್ತಿರುತ್ತದೆ, ಥೇಟ್ ನಿಮ್ಮ ಸ್ಲೇಟಿನ ಹಾಗೆ. ಈ ಸ್ಲೇಟಿನಲ್ಲಿ ಪುಟ್ಟ ಪುಟ್ಟ ಮನೆಗಳಿವೆ. ಒಂದೊಂದು ಮನೆಯಲ್ಲಿ ಸೊನ್ನೆಯೋ ಒಂದೋ ಇರುತ್ತದೆ, ಅಷ್ಟೇ. 8 ಜಿಬಿ ಮೆಮೊರಿಯಲ್ಲಿ ಇಂಥ ಮನೆಗಳು 6,800 ಕೋಟಿಗೂ ಹೆಚ್ಚು!

ಅಷ್ಟರಲ್ಲಿ ಒಂದೇ ಒಂದು ಮನೆ ಕೆಟ್ಟಿದೆ ಎಂದುಕೊಳ್ಳಿ. ಶಾಲೆಯಲ್ಲಿ ಕಾಲು ಸಡಿಲವಾದ ಒಂದು ಬೆಂಚಿದ್ದರೆ ಏನಾಗುತ್ತದೆ? ಇವತ್ತು ಒಬ್ಬಳು ಬೀಳುತ್ತಾಳೆ, ನಾಳೆ ಇನ್ನೊಬ್ಬ. ಅಲ್ಲಿ ಯಾರೂ ಕೂರದ ದಿನ ಯಾರೂ ಬೀಳುವುದಿಲ್ಲ. ನವಿಲಿನ ಬಣ್ಣ ಆ ಕೆಟ್ಟ ಮನೆಯಲ್ಲಿ ಕೂತರೆ ಒಂದು ಚುಕ್ಕಿಯ ಬಣ್ಣ ತಪ್ಪೀತು, ನಿಮಗೆ ಗೊತ್ತೂ ಆಗಲಿಕ್ಕಿಲ್ಲ. ಮುಖ್ಯವಾದ ಸೂಚನೆಯೇ ಅಲ್ಲಿ ಕೂತರೆ ಕಂಪ್ಯೂಟರ್ ಮುಗ್ಗರಿಸುತ್ತದೆ. ಬೀಳುವವರು ದಿನಕ್ಕೊಬ್ಬರಾದರೂ ಬೆಂಚು ಮಾತ್ರ ಒಂದೇ!

ಆ ಬೆಂಚನ್ನು ಹುಡುಕುವುದು ಹೇಗೆ? ಪ್ರತಿಯೊಂದರ ಮೇಲೂ ಕೂತು ನೋಡಬೇಕು. ಮೆಮ್‌ಟೆಸ್ಟ್86 ಎಂಬಂಥ ಪರೀಕ್ಷೆಗಳು ಇದನ್ನೇ ಮಾಡುತ್ತವೆ. ಎಲ್ಲ ಮನೆಗಳಲ್ಲೂ ಸೊನ್ನೆ ಬರೆದು, ಬರೆದದ್ದೇ ಇದೆಯಾ ಎಂದು ಓದಿ ನೋಡುತ್ತವೆ. ಆಮೇಲೆ ಒಂದು ಬರೆದು ಓದುತ್ತವೆ. ಎರಡೂ ಯಾಕೆ ಬೇಕು ಹೇಳಿ? ಯಾವಾಗಲೂ ಒಂದನ್ನೇ ತೋರಿಸುವ ಕೆಟ್ಟ ಮನೆ, ಒಂದು ಬರೆದಾಗ ಸಿಕ್ಕಿಬೀಳುವುದಿಲ್ಲವಲ್ಲ! ಪಕ್ಕದ ಮನೆ ಬದಲಾದಾಗ ಮಾತ್ರ ತಪ್ಪುವ ಮನೆಗಳೂ ಇರುತ್ತವೆ. ಅದಕ್ಕೇ ಬಗೆಬಗೆಯ ಸಾಲುಗಳನ್ನು ಬರೆದು, ಒಮ್ಮೊಮ್ಮೆ ರಾತ್ರಿಯಿಡೀ ಪರೀಕ್ಷೆ ನಡೆಸುತ್ತಾರೆ.

ತಪ್ಪು ಸಿಕ್ಕಿತು, ಆದರೆ ಪಟ್ಟಿಗಳು ಎರಡಿವೆ. ಕೆಟ್ಟದ್ದು ಯಾವುದು? ದೀಪಾವಳಿಯ ಸೀರಿಯಲ್ ಸೆಟ್ ಆರಿಹೋದಾಗ ಮಾವ ಏನು ಮಾಡುತ್ತಾರೆ ನೆನಪಿಸಿಕೊಳ್ಳಿ. ಒಂದೊಂದೇ ಬಲ್ಬು ತೆಗೆದು ಅಲ್ಲಿ ಒಳ್ಳೆಯ ಬಲ್ಬು ಹಾಕಿ ನೋಡುತ್ತಾರೆ. ಇಲ್ಲೂ ಒಂದು ಪಟ್ಟಿ ತೆಗೆದಿಟ್ಟು, ಇನ್ನೊಂದನ್ನೇ ಹಾಕಿ ಪರೀಕ್ಷಿಸುತ್ತಾರೆ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಕಂಪ್ಯೂಟರ್ ಸರಿಹೋಗಬಹುದು, ಆದರೆ ತಪ್ಪು ಯಾವುದರದೆಂದು ತಿಳಿಯುವುದೇ ಇಲ್ಲ.

ಇನ್ನೂ ಒಂದು ಹೆಜ್ಜೆ ಇದೆ. ಅನುಮಾನದ ಪಟ್ಟಿಯನ್ನು ಮತ್ತೆ ಅದೇ ಜಾಗಕ್ಕೆ ಹಾಕಬೇಕು. ತೊಂದರೆ ಮರಳಿ ಬಂದರೆ ಅನುಮಾನ ಗಟ್ಟಿ. ಬರದಿದ್ದರೆ ಪಟ್ಟಿ ಚೆನ್ನಾಗಿಯೇ ಇದ್ದು, ಸರಿಯಾಗಿ ಕೂರದೆ ಬರೀ ಲೂಸ್ ಆಗಿದ್ದಿರಬಹುದು.

ಹಿಂದಿನವರೂ ಹೀಗೆಯೇ ಹುಡುಕಿದರು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ 2 ಎಂಬ ಭಾರೀ ಕಂಪ್ಯೂಟರ್ ಇತ್ತು. 1947ರ ಸೆಪ್ಟೆಂಬರ್ 9ರಂದು ಅದು ಸರಿಯಾಗಿ ಕೆಲಸ ಮಾಡಲಿಲ್ಲ. ಹುಡುಕುತ್ತಾ ಹೋದಾಗ ರಿಲೇ ಎಂಬ ಸ್ವಿಚ್ಚಿನಲ್ಲಿ ಒಂದು ಪತಂಗ ಸಿಕ್ಕಿಕೊಂಡಿತ್ತು! ಅವರು ಆ ಪತಂಗವನ್ನು ದಿನಚರಿ ಪುಸ್ತಕದಲ್ಲಿ ಟೇಪು ಹಾಕಿ ಅಂಟಿಸಿ, ಪಕ್ಕದಲ್ಲೇ ವಿಷಯ ಬರೆದಿಟ್ಟರು. ಬರೆದಿಟ್ಟದ್ದರಿಂದಲೇ ಇಷ್ಟು ವರ್ಷಗಳ ಮೇಲೂ ಆ ಕಥೆ ನಮಗೆ ಸಿಕ್ಕಿದೆ.

ಕಂಪ್ಯೂಟರ್ ಪೆಟ್ಟಿಗೆಯನ್ನು ನೀವೊಬ್ಬರೇ ಬಿಚ್ಚಬೇಡಿ, ಬಲ್ಲ ಹಿರಿಯರು ಜೊತೆಗಿರಲಿ. ಕರೆಂಟು ಕೊಡುವ ಎಸ್‌ಎಂಪಿಎಸ್ ಡಬ್ಬಿಯನ್ನಂತೂ ತೆರೆಯಲೇಬೇಡಿ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಶಾಕ್ ಹೊಡೆಯುವಷ್ಟು ವಿದ್ಯುತ್ತು ಉಳಿದಿರಬಹುದು.

ನಿಮ್ಮ ಅಭ್ಯಾಸಕ್ಕೆ ಮನೆಯ ಬ್ಯಾಟರಿ ಟಾರ್ಚ್ ಸಾಕು. ಅದು ಮಿಣುಕುತ್ತಿದ್ದರೆ ತಪ್ಪು ಸೆಲ್ಲಿನದೋ, ಬಲ್ಬಿನದೋ, ಸ್ವಿಚ್ಚಿನದೋ? ಒಂದು ಸಲಕ್ಕೆ ಒಂದನ್ನೇ ಬದಲಿಸಿ, ನೋಡಿದ್ದನ್ನು ಬರೆದಿಡಿ. ಆ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಇವತ್ತಿನ ತಾರೀಖು ಹಾಕಿ.