ಚೈತ್ರದ ಮಡು

ನಮ್ಮ ಕಾವ್ಯಗಳ ವಸಂತವರ್ಣನೆಯಲ್ಲಿ ಮಾವು ಚಿಗುರುತ್ತದೆ, ಕೋಗಿಲೆ ಕೂಗುತ್ತದೆ, ದುಂಬಿ ಸುಳಿಯುತ್ತದೆ. ಮೂವತ್ತು ವರ್ಷ ಇದನ್ನೇ ಪಾಠ ಹೇಳಿದ ನಾನು ಹುಟ್ಟಿದ್ದು ಮಾತ್ರ ವಸಂತವೆಂದರೆ ಬಂಡೆ ಕಾಯುವ ಊರಿನಲ್ಲಿ. ಸಿಂಧನೂರು ತಾಲ್ಲೂಕಿನ ಮುಕ್ಕುಂದ ತುಂಗಭದ್ರೆಯ ಎಡದಂಡೆಯ ಊರು. ಅಲ್ಲಿ ಚೈತ್ರ ಬಂದಿತೆಂದು ಸಾರುವುದು ಕೋಗಿಲೆಯಲ್ಲ, ಹೊಳೆ. ಹರಿವು ಎಳೆಯಾಗುತ್ತದೆ, ಬಂಡೆಗಳು ಬೆನ್ನು ತೋರುತ್ತವೆ, ನೀರು ಅಲ್ಲಲ್ಲಿ ಮಡುಗಟ್ಟಿ ನಿಲ್ಲುತ್ತದೆ. ಹೊಳೆಯ ಮೀನೆಲ್ಲ ಆ ಮಡುಗಳನ್ನು ಸೇರುತ್ತದೆ. ಶ್ರೋತೃಗಳೇ, ನಾನು ಇಂದು ಹೇಳಹೊರಟಿರುವುದು ಆ ಮೀನಿನ ವಿಚಾರ.

ಈ ವಿದ್ಯೆ ನನಗೆ ಪುಸ್ತಕದಿಂದ ಬಂದುದಲ್ಲ; ಅಂಬಿಗರ ಮನೆಯ ಗೆಳೆಯನೊಬ್ಬನಿಂದ ಬಂದುದು. ಮಡುವಿನ ದಡದಲ್ಲಿ ಕುಳಿತು ಅವನು ನೀರನ್ನು ಓದುತ್ತಿದ್ದ ಬಗೆ, ನಮ್ಮ ಪಂಡಿತರು ಓಲೆಗರಿ ಓದುವ ಬಗೆಗೇನೂ ಕಡಿಮೆಯಲ್ಲ. ನಿಂತ ನೀರು ಹಸಿರು ತಿರುಗಿದ್ದರೆ ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ರಾತ್ರಿಯೆಲ್ಲ ನೀರಿನೊಳಗಿನ ಉಸಿರು ತೀರಿರುತ್ತದೆ. ಆಗ ಬೀಸುಬಲೆ ಎಸೆದರೆ ತುಂಬ ಸಿಕ್ಕೀತು. ಆದರೆ ಅದು ಬೇಟೆಯಲ್ಲ, ರೋಗಿಯ ಮನೆಯ ಕಳವು ಎನ್ನುತ್ತಿದ್ದ. ಬಿಸಿಲೇರಿದ ಮೇಲೆ ಗೆಂಡೆ ಬಂಡೆಯ ನೆರಳಿಗೆ ಇಳಿಯುತ್ತದೆ. ಕೊರವ ಗಾಳಿ ಕುಡಿಯುವ ಮೀನು, ಕೆಸರಿನಲ್ಲೂ ಬದುಕೀತು. ಮರಿಗಳನ್ನು ಕಾಯುತ್ತಿರುವ ಕೊರವನನ್ನು ಮುಟ್ಟಬಾರದು. ಬಾಳೆಮೀನಿಗೆ ಇರುಳಿನ ಗಾಳವೇ ಸರಿ, ಗಾಳಕ್ಕೆ ಜೀವದ ಮೀನೇ ಆಗಬೇಕು. ಹರಿಗೋಲಿನ ಮೇಲೆ ಹುಟ್ಟು ಸಪ್ಪಳವಾಗದಂತೆ ಹಾಕುವುದನ್ನು ಅವನು ನನಗೆ ಕಲಿಸಿದ. ನಾನು ಚೆನ್ನಾಗಿ ಕಲಿಯಲಿಲ್ಲ.

ಅವನ ತಂದೆ ಹೇಳುತ್ತಿದ್ದ ಮಾತೊಂದಿತ್ತು: ಚೈತ್ರದ ಮಡು ಹೊಳೆಯ ಹಗೇವು. ಬಿತ್ತನೆಯ ಜೋಳವನ್ನು ಹಗೇವಿನಲ್ಲಿ ಇಟ್ಟ ಹಾಗೆ ಹೊಳೆ ತನ್ನ ಬೀಜವನ್ನು ಮಡುವಿನಲ್ಲಿ ಇಟ್ಟಿರುತ್ತದೆ. ಗೆಂಡೆಯ ಜಾತಿಯ ಮೀನುಗಳ ಹೊಟ್ಟೆಯಲ್ಲಿ ಬೇಸಿಗೆಯ ಹೊತ್ತಿಗೆ ತತ್ತಿ ಬಲಿಯತೊಡಗುತ್ತದೆ. ಮುಂಗಾರಿನ ಕೆಂಪು ಹೊಸನೀರು ಬಂದೊಡನೆ ಅವು ಪ್ರವಾಹಕ್ಕೆ ಎದುರಾಗಿ ಏರಿ, ದಡ ಮೀರಿದ ತೆಳುನೀರಿನಲ್ಲಿ ತತ್ತಿ ಇಡುತ್ತವೆ. ಮಲೆನಾಡಿನವರು ‘ಹತ್ತುಮೀನು’ ಎನ್ನುವುದು ಇದನ್ನೇ. ಚೈತ್ರದಲ್ಲಿ ಮಡುವನ್ನು ಬರಿದು ಮಾಡಿದರೆ ಆಷಾಢದಲ್ಲಿ ಏರುವವರು ಯಾರು?

1972ರ ಬರದ ಮರುವರ್ಷ ನಾವು ಆ ಹಗೇವನ್ನು ಒಡೆದೆವು. ನಾವು ಎನ್ನುವುದನ್ನು ಬೇಕೆಂದೇ ಹೇಳುತ್ತಿದ್ದೇನೆ. ಬಾವಿ ಒಡೆಯಲು ತಂದ ತೋಟೆಗಳಲ್ಲಿ ಎರಡು ಯಾರದೋ ಕೈಯಿಂದ ಹುಡುಗರ ಕೈಗೆ ಬಂದವು. ಊರಿನಲ್ಲಿ ಹಸಿವಿತ್ತು. ಮೊದಲನೆಯದಕ್ಕೆ ಮಡುವಿನ ಮೀನು ಬಿಳಿ ಹೊಟ್ಟೆ ಮೇಲಾಗಿ ತೇಲಿತು. ಬೊಗಸೆಯಷ್ಟು ಮರಿಗಳೂ ತೇಲಿದವು. ನಾನು ಅಂಗಿಯ ಮಡಿಲು ತುಂಬಿಕೊಂಡು ಕುಣಿದೆ. ಎರಡನೆಯದು ಗೆಳೆಯನ ಕೈಯಲ್ಲೇ ಸಿಡಿಯಿತು. ಬಲಗೈ ಮಣಿಕಟ್ಟಿನವರೆಗೆ ಹೋಯಿತು. ನಾನು ಓದಲು ಊರು ಬಿಟ್ಟೆ. ಅವನು ಎಡಗೈಯಲ್ಲಿ ಬಲೆ ಹೆಣೆಯಲು ಕಲಿತ.

ಮೀನಿಗೆ ಬಿಡುವಿನ ಕಾಲ ಬೇಕೆಂಬ ಅರಿವು ಹೊಸದಲ್ಲ. ನಮ್ಮ ನೆರೆಯ ಮಸ್ಕಿಯಲ್ಲಿ 1915ರಲ್ಲಿ ದೊರೆತ ಬಂಡೆಗಲ್ಲಿನ ಶಾಸನದಿಂದಲೇ ಅಶೋಕನ ಹೆಸರು ಬೆಳಕಿಗೆ ಬಂದುದು ತಮಗೆ ತಿಳಿದಿದೆ. ಅದೇ ಅರಸ ಉತ್ತರದ ಕಂಬಗಳ ಮೇಲೆ ಕೊರೆಯಿಸಿದ ಐದನೆಯ ಶಾಸನದಲ್ಲಿ ಕೆಲವು ದಿನಗಳಂದು ಮೀನು ಕೊಲ್ಲಬಾರದು, ಮಾರಲೂ ಬಾರದು ಎಂಬ ಕಟ್ಟಳೆಯುಂಟು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದಕ್ಕೇ ಒಂದು ಭಾಗ ಮೀಸಲಿಟ್ಟ. ಮೂವತ್ತಕ್ಕೂ ಮಿಕ್ಕ ಮೀನುಗಳು, ಸಮುದ್ರದವು ಯಾವುವು, ನದಿಯವು ಯಾವುವು, ಯಾವುದಕ್ಕೆ ಎಂಥ ಎರೆ ಎಂದೆಲ್ಲ ವಿವರಿಸಿದ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ ಹೋರಾ ಅವರು ಅದನ್ನು 1951ರಲ್ಲಿ ವಿಜ್ಞಾನಿಗಳ ಗಮನಕ್ಕೆ ತಂದರು. ನಾನಂತೂ ಆ ಗ್ರಂಥದ ಹೆಸರನ್ನು ತರಗತಿಯಲ್ಲಿ ನೂರು ಸಲ ಹೇಳಿದ್ದೇನೆ. ಆ ಭಾಗವನ್ನು ತೆರೆದು ನೋಡಿದ್ದು ನಿವೃತ್ತನಾದ ಮೇಲೆ.

ನನ್ನ ಸೋದರಳಿಯ ಅಮೆರಿಕೆಯ ಪಡುವಣ ಸೀಮೆಯಲ್ಲಿದ್ದಾನೆ. ಅಲ್ಲಿಯ ಕೊಲಂಬಿಯಾ ನದಿಗೆ ವಸಂತದಲ್ಲಿ ಸಮುದ್ರದಿಂದ ಸಾಲ್ಮನ್ ಏರಿಬರುತ್ತದೆ. ಸ್ಟೀಲ್‌ಹೆಡ್ ಎಂಬ ಇನ್ನೊಂದು ಮೀನೂ ಹಾಗೆಯೇ ಏರುತ್ತದೆ. ಆ ಸಾಲ್ಮನ್ ತತ್ತಿ ಇಟ್ಟು ಸಾಯುತ್ತದೆ. ಸ್ಟೀಲ್‌ಹೆಡ್ ಕೆಲವೊಮ್ಮೆ ಬದುಕಿ ಸಮುದ್ರಕ್ಕೆ ಮರಳುವುದುಂಟು. 1938ರ ಬಾನ್‌ವಿಲ್ ಅಣೆಕಟ್ಟಿನಲ್ಲಿ ಮೀನುಗಳಿಗಾಗಿ ಮೆಟ್ಟಿಲುಗಳಿವೆ. ಕಿಟಕಿಯ ಬಳಿ ಕುಳಿತು ಏರುವ ಮೀನುಗಳನ್ನು ಎಣಿಸುವವರಿದ್ದಾರೆ. ಅದೇ ನದಿಯ ಮೇಲ್ಭಾಗದ ಗ್ರ್ಯಾಂಡ್ ಕೂಲಿಗೆ ಮೆಟ್ಟಿಲಿಲ್ಲ. ಅದರಾಚೆಗೆ ಸಾಲ್ಮನ್ ಏರುವುದು ನಿಂತುಹೋಯಿತು. ಕ್ಲಾಮತ್ ನದಿಯ ನಾಲ್ಕು ಅಣೆಕಟ್ಟುಗಳನ್ನು 2024ರ ಹೊತ್ತಿಗೆ ಕೆಡವಿದಾಗ, ಆ ಶರತ್ಕಾಲದಲ್ಲಿಯೇ ಸಾಲ್ಮನ್ ಮೇಲಕ್ಕೆ ಬಂದಿತು.

ನಮ್ಮ ಅಣೆಕಟ್ಟನ್ನು ಕೆಡವಿರೆಂದು ನಾನು ಹೇಳಲಾರೆ. ತುಂಗಭದ್ರೆಯ ಎಡದಂಡೆ ಕಾಲುವೆಯ ಅನ್ನ ಉಂಡೇ ನಾನು ಎಂ.ಎ. ಮಾಡಿದೆ. ನನ್ನ ಅಜ್ಜನ ಕಾಲಕ್ಕೆ ನಮ್ಮ ದಡ ನಿಜಾಮನದು, ಎದುರು ದಡ ಮದ್ರಾಸಿನದು. ಎರಡೂ ಸರ್ಕಾರಗಳು ಕೂಡಿ 1945ರಲ್ಲಿ ತಳಹದಿ ಹಾಕಿದವು, 1953ರಲ್ಲಿ ನೀರು ನಿಂತಿತು. ಸಿಂಧನೂರು ಬತ್ತದ ನಾಡಾಯಿತು. ಆದರೆ ಮೀನಿನ ಪಾಲಿಗೆ ಹೊಸಪೇಟೆಯ ಗೋಡೆ ಮೇಲೆ, ರಾಜೋಳಿಬಂಡೆಯ ಆನೆಕಟ್ಟು ಕೆಳಗೆ. ಗೋಡೆಗಿಂತ ದೊಡ್ಡ ಕಷ್ಟ ಇನ್ನೊಂದಿದೆ. ಮುಂಗಾರಿನ ಮೊದಲ ನೀರೆಲ್ಲ ಜಲಾಶಯ ತುಂಬುವುದಕ್ಕೇ ಹೋಗುತ್ತದೆ. ಅದು ತುಂಬಿ ಬಾಗಿಲು ತೆರೆಯುವವರೆಗೆ ಕೆಳಗಿನ ಮಡುವಿಗೆ ಹೊಸನೀರಿಲ್ಲ. ಹೊಟ್ಟೆ ತುಂಬ ತತ್ತಿ ಹೊತ್ತ ಮೀನು ಮಳೆಯ ಸದ್ದು ಕೇಳುತ್ತದೆ, ಪ್ರವಾಹ ಮಾತ್ರ ಬರುವುದಿಲ್ಲ. ಗದ್ದೆಗಳಿಂದ ಹಳ್ಳ ಹಿಡಿದು ಬರುವ ಬಸಿನೀರು ಬರುತ್ತದೆ, ಗೊಬ್ಬರವನ್ನು ಹೊತ್ತು. ಕಾಲುವೆಗೆ ಬಿಡುವ ನೀರಿಗೆ ದಿನಾಂಕಗಳಿವೆ. ಆಷಾಢದಲ್ಲಿ ಹೊಳೆಗೂ ನಾಲ್ಕು ದಿನದ ಲೆಕ್ಕ ಇಟ್ಟರೆ ಬತ್ತ ಒಣಗಿಹೋಗದು ಎಂಬುದು ನನ್ನ ಎಣಿಕೆ. ಎಂಜಿನಿಯರರು ನಕ್ಕಾರು, ನಗಲಿ.

2023ರಲ್ಲಿ ಮಳೆ ಕೈಕೊಟ್ಟಿತು. ಮರುವರ್ಷದ ಚೈತ್ರದಲ್ಲಿ ನಾನು ಊರಿಗೆ ಹೋದಾಗ ನಮ್ಮ ಮಡು ಎತ್ತಿನಗಾಡಿ ತಿರುಗಿಸುವಷ್ಟು ಅಗಲ ಉಳಿದಿತ್ತು. ಗೆಳೆಯ ಹಗಲಿರುಳು ಅಲ್ಲಿಯೇ ಕುಳಿತಿದ್ದ, ಮೀನು ಹಿಡಿಯಲಲ್ಲ, ಹಿಡಿಯುವವರನ್ನು ಬೈಯಲು. ಆಮೇಲೆ 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ ಹತ್ತೊಂಬತ್ತನೆಯ ಬಾಗಿಲ ಸರಪಳಿ ಕಡಿದು, ಬಾಗಿಲೇ ಕೊಚ್ಚಿಹೋಯಿತು. ಒಂದು ವಾರ ರೈತರು ನಿದ್ದೆಗೆಟ್ಟರು. ನನ್ನ ತಮ್ಮನೂ ಕೆಟ್ಟ. ಗೆಳೆಯ ಮಾತ್ರ ದಡದಲ್ಲಿ ನಿಂತು ಕೆಂಪು ನೀರನ್ನು ನೋಡುತ್ತಿದ್ದನಂತೆ. ಸಂತೋಷವಾಯಿತೆ ಎಂದು ಕೇಳಿದೆ. ‘ನಿಮ್ಮ ತಮ್ಮನ ಗದ್ದಿ ನೆನಸಿಕೊಂಡ್ರ ಹೆಂಗ ಆಗಬೇಕ್ರಿ’ ಎಂದು ಸುಮ್ಮನಾದ.

ಮರುವರ್ಷ, 2025ರ ಯುಗಾದಿಯ ಮಾರನೆಯ ದಿನ ಇಬ್ಬರೂ ಮಡುವಿಗೆ ಹೋದೆವು. ಎಣಿಕೆಯ ಕಿಟಕಿ ನಮಗಿಲ್ಲ, ಅವನ ಕಣ್ಣೇ ಸಾಕು. ಬಹಳ ಹೊತ್ತು ನೋಡಿದ. ‘ಜಿಲೇಬಿ ಮೀನು ಬಾಳ ಅದಾವ. ಬಾಳಿ ಎರಡು ಕಂಡ್ವು.’ ಗೆಂಡೆ? ಎಂದೆ. ಇರುವ ಒಂದು ಕೈಯನ್ನು ನೀರಿನಲ್ಲಿ ಇಳಿಬಿಟ್ಟು, ಮಾತಾಡಬೇಡವೆಂದು ತಲೆಯಲ್ಲೇ ಸನ್ನೆ ಮಾಡಿದ. ಬಂಡೆಯ ನೆರಳಿನ ಕಡೆ ನೀರು ಒಮ್ಮೆ ಅಲುಗಿತು.