ಹದಿಹರೆಯ, ಮೊಬೈಲು ಮತ್ತು ಮಕ್ಕಳು ಹೇಳದ ನೋವು



ಹಳದಿ ಕುಂಕುಮದ ದಿನ ಇಂಥ ವಿಷಯ ಬೇಕಿತ್ತೇ ಎಂದು ಇಬ್ಬರು ಆಗಲೇ ಕೇಳಿದರು. ಇಷ್ಟು ಜನ ತಾಯಂದಿರು, ಅಜ್ಜಿಯಂದಿರು ಒಟ್ಟಿಗೆ ಸಿಗುವುದು ಇಂದೇ. ಅದಕ್ಕೇ ಇದನ್ನು ಆರಿಸಿಕೊಂಡೆ.

ಶಾಲೆಯಲ್ಲಿ ಆಪ್ತಸಮಾಲೋಚಕಿಯಾಗಿ ನಾನು ಕಾಣುವ ಮಕ್ಕಳಲ್ಲಿ ಕೆಲವರು ತಮ್ಮನ್ನು ತಾವೇ ಗಾಯ ಮಾಡಿಕೊಂಡಿರುತ್ತಾರೆ. ಮನೆಯವರು ಇದನ್ನು 'ನಾಟಕ' ಎನ್ನುತ್ತಾರೆ. ನಾಟಕವಾಗಿದ್ದರೆ ಮುಂಬಯಿಯ ಮೇ ತಿಂಗಳ ಸೆಕೆಯಲ್ಲಿ ತುಂಬುತೋಳಿನ ಅಂಗಿ ಹಾಕಿಕೊಂಡು ಯಾಕೆ ಮುಚ್ಚಿಡುತ್ತಾರೆ? ಎಲ್ಲರೂ ಸಾಯಬೇಕೆಂದು ಹಾಗೆ ಮಾಡುವುದಿಲ್ಲ. ತಡೆಯಲಾಗದ ಸಂಕಟ ಒಂದು ಗಳಿಗೆ ತಗ್ಗಲಿ ಎಂದು ಮಾಡಿಕೊಳ್ಳುವವರೇ ಹೆಚ್ಚು. ಹಾಗೆಂದು ಹಗುರವಾಗಿ ಬಿಡುವಂತಿಲ್ಲ, ಮುಂದೆ ಆತ್ಮಹತ್ಯೆಯ ಅಪಾಯ ಇಂಥ ಮಕ್ಕಳಲ್ಲಿ ಜಾಸ್ತಿ.

ನಮ್ಮ ಒಂದು ಬೆಡ್‌ರೂಮಿನ ಮನೆಗಳಲ್ಲಿ ಮಗುವಿಗೆ ಬಾಗಿಲು ಹಾಕಿಕೊಂಡು ಅಳಲೂ ಜಾಗವಿಲ್ಲ. ಅದು ಫೋನಿನೊಳಗೆ ಹೋಗಿ ಕೂರುತ್ತದೆ. ಅಲ್ಲಿ ದುಃಖದ ಒಂದು ವಿಡಿಯೋದ ಮೇಲೆ ಬೆರಳು ನಿಂತರೆ ಅಂಥವೇ ಹತ್ತು ಬರುತ್ತವೆ. ಬ್ರಿಟನ್ನಿನ ಮಾಲಿ ರಸೆಲ್ ಎಂಬ 14 ವರ್ಷದ ಹುಡುಗಿ 2017ರಲ್ಲಿ ತೀರಿಕೊಂಡಳು. ಖಿನ್ನತೆಯ ಜೊತೆಗೆ, ಜಾಲತಾಣಗಳಲ್ಲಿ ಅವಳು ನೋಡಿದ ಸಾಮಗ್ರಿಯ ದುಷ್ಪರಿಣಾಮವೂ ಆ ಸಾವಿನಲ್ಲಿತ್ತು ಎಂದು 2022ರಲ್ಲಿ ಅಲ್ಲಿನ ಕಾರೊನರ್ ತೀರ್ಮಾನಿಸಿದರು. ಅದರಲ್ಲಿ ಕೆಲವನ್ನು ಅವಳು ಹುಡುಕಿಯೇ ಇರಲಿಲ್ಲ, ಆ್ಯಪೇ ತಂದು ಮುಂದಿಟ್ಟಿತ್ತು.

ಹಾಗಾದರೆ ಫೋನು ಕಸಿದುಕೊಳ್ಳೋಣವೇ? ಸಿಟ್ಟಿನಲ್ಲಿ ಕಸಿದರೆ ಮಗುವಿಗೆ ಇದ್ದ ಒಬ್ಬ ಗೆಳತಿಯೂ ಹೋದಾಳು. ರಾತ್ರಿ ಎಲ್ಲರ ಫೋನೂ ಹಾಲ್‌ನಲ್ಲಿ ಚಾರ್ಜಿಗಿರಲಿ. ಎಲ್ಲರದು ಎಂದೆ, ಅಪ್ಪನದೂ ಸೇರಿ! (ಇಲ್ಲಿ ನಗು ಬಂತು, ಆದರೆ ಕಷ್ಟ ಇರುವುದೇ ಅಲ್ಲಿ.)

ಗಾಯ ಕಂಡಾಗ ಕೂಗಾಡಬೇಡಿ. "ನನ್ನ ಮೇಲೆ ಆಣೆ ಮಾಡು" ಎನ್ನಬೇಡಿ, ಆಣೆ ಮುರಿದ ಮಗು ಮುಂದಿನ ಸಲ ಇನ್ನೂ ಚೆನ್ನಾಗಿ ಮುಚ್ಚಿಡುತ್ತದೆ. ಊರಿನ ಅತ್ತೆ-ಚಿಕ್ಕಮ್ಮಂದಿರ ವಾಟ್ಸ್‌ಆ್ಯಪ್ ಗುಂಪಿಗೆ ಸುದ್ದಿ ಹೋಗದಿರಲಿ. ಗಾಯ ತೊಳೆದು, ಪಕ್ಕದಲ್ಲಿ ಕೂತು, "ತುಂಬಾ ಸಂಕಟ ಆಗ್ತಿದೆಯಾ? ಸಾಯಬೇಕು ಅನ್ನಿಸುತ್ತಾ?" ಎಂದು ನೇರವಾಗಿಯೇ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತಾಗುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ನಮ್ಮ ಮಕ್ಕಳು ಉತ್ತರವನ್ನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಹೇಳಿಯಾರು, ಆಗ ಅವರ ಕನ್ನಡ ತಿದ್ದಬೇಡಿ.

ಹೌದು ಎಂದರೆ ಒಂಟಿಯಾಗಿ ಬಿಡಬೇಡಿ. ಅಜ್ಜನ ಮಾತ್ರೆಗಳ ಡಬ್ಬಿಯೂ ಬೀಗದೊಳಗಿರಲಿ. ಅದೇ ದಿನ ಮನೋವೈದ್ಯರಲ್ಲಿಗೆ ಹೋಗಿ. ಗಾಯ ಆಳವಾಗಿದ್ದರೆ ಮೊದಲು ಆಸ್ಪತ್ರೆ. 14416 ಕೇಂದ್ರ ಸರ್ಕಾರದ ಟೆಲಿ ಮಾನಸ್, 2022ರಲ್ಲಿ ಶುರುವಾದದ್ದು. ಹಗಲು ರಾತ್ರಿ ಉಚಿತ. ಮಕ್ಕಳಿಗೆ 1098 ಇದೆ. ಎರಡನ್ನೂ ಈಗಲೇ ಫೋನಿನಲ್ಲಿ ಉಳಿಸಿಕೊಳ್ಳಿ, ನಾನು ಕಾಯುತ್ತೇನೆ.

ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕಳಿಸಿ. ಹೆಸರು ಬರೆಯುವುದು ಬೇಡ.