ದಿವಾಳಿಗೆ ಬೇಕಾದ ದುಡ್ಡು



ವೈಯಕ್ತಿಕ ದಿವಾಳಿ ಕುರಿತ ಈ ವಿಚಾರ ಸಂಕಿರಣದ ಆಶಯ ಭಾಷಣದಲ್ಲಿ ನಾನು ಹೆಚ್ಚು ಹೊತ್ತು ಅಮೆರಿಕದ ಮಾತನ್ನೇ ಆಡಲಿದ್ದೇನೆ. ಸಾಮಾನ್ಯ ಸಂಬಳದಾರರು ಕೋರ್ಟಿಗೆ ಹೋಗಿ ಸಾಲದಿಂದ ಬಿಡಿಸಿಕೊಳ್ಳುವ ವ್ಯವಸ್ಥೆ ಅಲ್ಲಿ ದೊಡ್ಡ ಪ್ರಮಾಣದಲ್ಲಿ, ದಶಕಗಳಿಂದ ನಡೆದುಕೊಂಡು ಬಂದಿದೆ. ಅದರ ಲೆಕ್ಕಪತ್ರ ಸಾರ್ವಜನಿಕವಾಗಿದೆ, ಅದನ್ನು ಕೂತು ಓದಿದ ವಿದ್ವಾಂಸರೂ ಇದ್ದಾರೆ. ಆ ವ್ಯವಸ್ಥೆಯಲ್ಲಿ ಸಾಲ ಮಾಡಿದವರ ಸಿಟ್ಟು ಬಹಳ ಸಲ ಸಾಲ ಕೊಟ್ಟ ಬ್ಯಾಂಕಿನ ಮೇಲಲ್ಲ, ತಮ್ಮದೇ ವಕೀಲರ ಮೇಲೆ. ಕೈಯಲ್ಲಿ ಕಾಸಿಲ್ಲವೆಂದೇ ಬಂದವರಿಗೆ ಮೊದಲು ಸಾವಿರ ಡಾಲರ್ ಇಡಿ ಅನ್ನುತ್ತಾರೆ, ಫೀಸು ಕಟ್ಟಿದ ಮೇಲೆ ಫೋನಿಗೆ ಸಿಗುವುದಿಲ್ಲ, ಕಾಗದಪತ್ರವೆಲ್ಲ ಗುಮಾಸ್ತರೇ ಮಾಡುತ್ತಾರೆ, ಒಂದು ತಿದ್ದುಪಡಿಗೂ ಬೇರೆ ಬಿಲ್ಲು ಬರುತ್ತದೆ ಎಂಬುವು ಮಾಮೂಲಿ ದೂರುಗಳು. ಇವು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಬೆರಳು ತೋರಿಸುವ ದಿಕ್ಕು ತಪ್ಪಿದೆ. ಫೀಸು ಎಷ್ಟು ಎಂಬುದಕ್ಕಿಂತ ಅದನ್ನು ಯಾವ ದಿನ ಕಟ್ಟಬೇಕು ಎಂಬುದೇ ಈ ಜನರ ಪಾಡನ್ನು ನಿರ್ಧರಿಸುತ್ತದೆ, ಮತ್ತು ಆ ದಿನವನ್ನು ಗೊತ್ತುಮಾಡಿದ್ದು ವಕೀಲರಲ್ಲ, ಕಾನೂನು. ಇದು ನನ್ನ ವಾದ.

ಕಾನೂನು ಹೇಗೆ ಗೊತ್ತುಮಾಡಿತು ಎಂಬುದನ್ನು ಸ್ವಲ್ಪ ನಿಧಾನವಾಗಿಯೇ ನೋಡಬೇಕು. ಅಮೆರಿಕದ ದಿವಾಳಿ ಸಂಹಿತೆಯಲ್ಲಿ ಸಾಮಾನ್ಯರಿಗೆ ಮುಖ್ಯವಾಗಿ ಎರಡು ದಾರಿ. ಏಳನೇ ಅಧ್ಯಾಯದಲ್ಲಿ ವಿನಾಯಿತಿ ಮೀರಿದ ಆಸ್ತಿಯನ್ನು ಪ್ರಕರಣಕ್ಕೆ ನೇಮಕವಾದ ಟ್ರಸ್ಟಿ ಮಾರಿ ಸಾಲ ಕೊಟ್ಟವರಿಗೆ ಹಂಚುತ್ತಾರೆ. ಬಹುಪಾಲು ಪ್ರಕರಣಗಳಲ್ಲಿ ಮಾರುವುದಕ್ಕೆ ಏನೂ ಇರುವುದಿಲ್ಲ, ಕೆಲವೇ ತಿಂಗಳಲ್ಲಿ ಕ್ರೆಡಿಟ್ ಕಾರ್ಡು, ಆಸ್ಪತ್ರೆ ಬಿಲ್ಲುಗಳ ಬಾಕಿ ಮನ್ನಾ ಆಗುತ್ತದೆ. ಹದಿಮೂರನೇ ಅಧ್ಯಾಯದಲ್ಲಿ ಮೂರರಿಂದ ಐದು ವರ್ಷ ತಿಂಗಳು ತಿಂಗಳೂ ಟ್ರಸ್ಟಿಗೆ ಕಂತು ಕಟ್ಟಬೇಕು, ಕಂತು ಪೂರ್ತಿಯಾದರೆ ಮಾತ್ರ ಉಳಿದದ್ದು ಮನ್ನಾ. ಎರಡರಲ್ಲೂ ವಕೀಲರು ತಾವು ಪಡೆದ ಫೀಸನ್ನು ಕೋರ್ಟಿಗೆ ತಿಳಿಸಲೇಬೇಕು. ಅದಕ್ಕಿರುವ ಬಿ2030 ಎಂಬ ಫಾರಂನಲ್ಲಿ ಮೂರು ಸಾಲುಗಳಿವೆ: ಒಪ್ಪಿಕೊಂಡ ಫೀಸು ಎಷ್ಟು, ಈವರೆಗೆ ಬಂದದ್ದು ಎಷ್ಟು, ಬಾಕಿ ಎಷ್ಟು. ಏಳನೇ ಅಧ್ಯಾಯದ ಕಡತಗಳಲ್ಲಿ ಆ ಮೂರನೇ ಸಾಲಿನ ಮುಂದೆ ಸಾಮಾನ್ಯವಾಗಿ ಸೊನ್ನೆ. ಇದು ವಕೀಲರ ದುರಾಸೆಯಿಂದ ಬಂದ ಸೊನ್ನೆಯಲ್ಲ. ಅರ್ಜಿ ಹಾಕುವ ಮೊದಲು ಮಾಡಿದ ಕೆಲಸದ ಫೀಸು ಬಾಕಿ ಉಳಿದರೆ ಅದೂ ಒಂದು ಸಾಲವೇ ಆಗಿ, ಕ್ರೆಡಿಟ್ ಕಾರ್ಡಿನ ಬಾಕಿಯ ಜೊತೆಗೇ ಮನ್ನಾ ಆಗಿಬಿಡುತ್ತದೆ. ಅದನ್ನು ವಸೂಲಿ ಮಾಡಲು ಹೋದರೆ ಕೋರ್ಟಿನ ತಡೆಯಾಜ್ಞೆ ಮುರಿದಂತೆ. ಟ್ರಸ್ಟಿಯ ಕೈಯಲ್ಲಿರುವ ಆಸ್ತಿಯಿಂದ ಕೊಡಿಸಬಹುದೇ ಎಂದರೆ ಅದಕ್ಕೂ 2004ರಲ್ಲಿ ಲೇಮಿ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಬಾಗಿಲು ಹಾಕಿತು: ಟ್ರಸ್ಟಿಯೇ ನೇಮಿಸಿಕೊಳ್ಳದ ಹೊರತು ಸಾಲ ಮಾಡಿದವರ ವಕೀಲರಿಗೆ ಆ ಹಣ ಸಲ್ಲುವುದಿಲ್ಲ. ಅಲ್ಲಿಗೆ ಏಳನೇ ಅಧ್ಯಾಯದ ವಕೀಲರಿಗೆ ಪೂರ್ತಿ ಫೀಸನ್ನು ಮುಂಗಡವಾಗಿ ವಸೂಲಿ ಮಾಡುವುದೊಂದೇ ಗತಿ. ಹದಿಮೂರನೇ ಅಧ್ಯಾಯದಲ್ಲಾದರೋ ವಕೀಲರ ಫೀಸನ್ನು ಕಂತಿನ ಯೋಜನೆಯೊಳಗೇ ಸೇರಿಸಲು ಸಂಹಿತೆಯೇ ಅವಕಾಶ ಕೊಟ್ಟಿದೆ. ಮೂರನೇ ಸಾಲು ಅಲ್ಲಿ ಸಾವಿರಗಳಲ್ಲಿದ್ದರೂ ಯಾರ ಹುಬ್ಬೂ ಮೇಲೇರುವುದಿಲ್ಲ.

ಮುಂಗಡದ ಈ ನಿಯಮ ಜನರನ್ನು ನಿಜವಾಗಿಯೂ ತಡೆಯುತ್ತದೆಯೇ, ಅಥವಾ ಇದು ಬರೀ ಗೊಣಗಾಟವೇ? ಇದನ್ನು ಅಳೆಯುವ ಅವಕಾಶ ಅಮೆರಿಕ ಸರ್ಕಾರದಿಂದಲೇ ಅಚಾನಕ್ಕಾಗಿ ಒದಗಿತು. 2001ರಲ್ಲಿ ಮತ್ತು 2008ರಲ್ಲಿ ಸರ್ಕಾರ ಕುಟುಂಬಗಳಿಗೆ ತೆರಿಗೆಯ ಹಣ ಹಿಂತಿರುಗಿಸಿತು. ಯಾರಿಗೆ ಯಾವ ವಾರ ಹಣ ಹೋಗಬೇಕೆಂಬುದು ಅವರ ಸಾಮಾಜಿಕ ಭದ್ರತಾ ಸಂಖ್ಯೆಯ ಕೊನೆಯ ಎರಡು ಅಂಕಿಗಳ ಮೇಲೆ ನಿಂತಿತ್ತು, ಅಂದರೆ ಚೀಟಿ ಎತ್ತಿದಷ್ಟೇ ನಿಷ್ಪಕ್ಷಪಾತ. ಅರ್ಥಶಾಸ್ತ್ರಜ್ಞರಾದ ತಾಲ್ ಗ್ರಾಸ್, ಮ್ಯಾಥ್ಯೂ ನೋಟೊವಿಡಿಗ್ಡೊ ಮತ್ತು ಜಿಯಾಲಾನ್ ವಾಂಗ್ ಈ ಅಂಕಿಗಳನ್ನು ದಿವಾಳಿ ಅರ್ಜಿಗಳ ಜೊತೆ ಹೊಂದಿಸಿ ನೋಡಿದರು. ಹಣ ಕೈಸೇರಿದ ಮೇಲೆ ದಿವಾಳಿ ಅರ್ಜಿಗಳು ಏರಿದ್ದವು, 2008ರಲ್ಲಿ ಇನ್ನೂ ಹೆಚ್ಚಾಗಿ. ಕೈಗೆ ಹಣ ಬಂದರೆ ದಿವಾಳಿ ಕಡಿಮೆಯಾಗಬೇಕು ತಾನೇ? ಇಲ್ಲಿ ಜನ ಕಾಯುತ್ತಿದ್ದದ್ದು ವಕೀಲರ ಫೀಸಿಗಾಗುವಷ್ಟು ಮೊತ್ತಕ್ಕೆ. ಚೆಕ್ಕು ಬಂದ ಕೂಡಲೇ ಹೋಗಿ ದಿವಾಳಿ ಎದ್ದರು. ಕಾನೂನು ವಿದ್ವಾಂಸರಾದ ರೊನಾಲ್ಡ್ ಮ್ಯಾನ್ ಮತ್ತು ಕ್ಯಾಥರೀನ್ ಪೋರ್ಟರ್ ಇದಕ್ಕೂ ಮೊದಲೇ ಬರೆದಿದ್ದರು: ದಿವಾಳಿಯಾಗುವುದಕ್ಕಾಗಿ ಜನ ಉಳಿತಾಯ ಮಾಡುತ್ತಾರೆ ಎಂದು. ಆ ಉಳಿತಾಯದ ತಿಂಗಳುಗಳಲ್ಲಿ ವಸೂಲಿಯ ಫೋನು ನಿಲ್ಲುವುದಿಲ್ಲ, ಬಡ್ಡಿ ನಿಲ್ಲುವುದಿಲ್ಲ, ಅವರು ಹಾಜರಾಗದ ದಾವೆಗಳಲ್ಲಿ ಏಕಪಕ್ಷೀಯ ಡಿಕ್ರಿ ಆಗಿ ಸಂಬಳ ಜಪ್ತಿಗೆ ಬರುತ್ತದೆ. ನೀರು ತಂದುಕೊಟ್ಟರೆ ಬಾವಿ ತೋಡಿಕೊಡುತ್ತೇನೆ ಎಂದ ಹಾಗಿದೆ ಈ ಏರ್ಪಾಡು.

ಕಾಯಲು ಆಗದವರ ಕತೆ ಇದಕ್ಕಿಂತ ಕೆಟ್ಟದು. ಅವರಿಗೆ ವಕೀಲರ ಕಚೇರಿಯಲ್ಲಿ ಸಿಗುವ ಉತ್ತರ, ಈಗ ಏನೂ ಕೊಡಬೇಡಿ, ಹದಿಮೂರನೇ ಅಧ್ಯಾಯದಲ್ಲಿ ಹಾಕೋಣ ಎಂದು. ಪಮೇಲಾ ಫೂಹಿ, ರಾಬರ್ಟ್ ಲಾಲೆಸ್, ಕ್ಯಾಥರೀನ್ ಪೋರ್ಟರ್ ಮತ್ತು ಡೆಬೊರಾ ಥಾರ್ನ್ 2017ರಲ್ಲಿ ಪ್ರಕಟಿಸಿದ ಅಧ್ಯಯನ ಮುಂಗಡವಿಲ್ಲದ ಈ ದಿವಾಳಿಗಳ ಬಗ್ಗೆಯೇ ಇದೆ. ಕೈಯಿಂದ ಮುಂಗಡ ಬೀಳದ ಈ ದಾರಿಯಲ್ಲಿ ಒಟ್ಟು ಫೀಸು ಏಳನೇ ಅಧ್ಯಾಯಕ್ಕಿಂತ ಎಷ್ಟೋ ಪಾಲು ಹೆಚ್ಚು, ಹಲವೆಡೆ ಕಂತಿನ ಮೊದಲ ತಿಂಗಳುಗಳ ಹಣ ಹೋಗುವುದು ಮುಖ್ಯವಾಗಿ ವಕೀಲರಿಗೆ. ಅರ್ಧಕ್ಕಿಂತ ಹೆಚ್ಚು ಯೋಜನೆಗಳು ಕೊನೆ ಮುಟ್ಟುವುದಿಲ್ಲ. ಕಾರು ಕೆಟ್ಟಿತು, ಕೆಲಸ ಹೋಯಿತು, ಎರಡು ಕಂತು ತಪ್ಪಿತು, ಅರ್ಜಿ ವಜಾ. ಹಳೆಯ ಸಾಲ ಬಡ್ಡಿ ಸಮೇತ ವಾಪಸು ಬರುತ್ತದೆ, ಕೊಟ್ಟ ಫೀಸು ವಾಪಸು ಬರುವುದಿಲ್ಲ. ಟೆನೆಸ್ಸಿಯ ಮೆಂಫಿಸ್ ನಗರದ ಬಗ್ಗೆ ಪ್ರೊಪಬ್ಲಿಕಾ ಎಂಬ ಸುದ್ದಿಸಂಸ್ಥೆ 2017ರಲ್ಲಿ ಮಾಡಿದ ವರದಿ, ಈ ಸುಳಿಯಲ್ಲಿ ಕಪ್ಪು ಜನರೇ ಹೆಚ್ಚಾಗಿ ಸಿಕ್ಕಿಕೊಂಡು ಮತ್ತೆ ಮತ್ತೆ ಅರ್ಜಿ ಹಾಕುತ್ತಿದ್ದುದನ್ನು ತೋರಿಸಿತು. ಹಾಗೆಂದು ಎಲ್ಲವನ್ನೂ ಫೀಸಿನ ತಲೆಗೇ ಕಟ್ಟಲಾಗದು. ಜೀನ್ ಬ್ರಾಷರ್, ಡೋವ್ ಕೋಹೆನ್ ಮತ್ತು ಲಾಲೆಸ್ 2012ರಲ್ಲಿ ವಕೀಲರಿಗೆ ಒಂದೇ ಹಣಕಾಸಿನ ಕಾಲ್ಪನಿಕ ದಂಪತಿಗಳ ವಿವರ ಕೊಟ್ಟು, ಹೆಸರುಗಳನ್ನು ಬದಲಿಸಿ ಸಲಹೆ ಕೇಳಿದಾಗ, ಕಪ್ಪು ಜನರ ಹೆಸರಿದ್ದಾಗ ಹದಿಮೂರನೇ ಅಧ್ಯಾಯದ ಸಲಹೆ ಹೆಚ್ಚಾಗಿ ಬಂತು. ಪೂರ್ವಗ್ರಹವೂ ಕೆಲಸ ಮಾಡುತ್ತಿದೆ. ಆದರೆ ಆ ಪೂರ್ವಗ್ರಹಕ್ಕೆ ಲಾಭದ ಲೇಪ ಹಚ್ಚಿ, ಅದನ್ನು ಕಣ್ಣಿಗೆ ಕಾಣದಂತೆ ಮಾಡಿರುವುದು ಫೀಸಿನ ಏರ್ಪಾಡು.

ಇಲ್ಲಿ ಕುಳಿತಿರುವ ವಕೀಲ ಮಿತ್ರರು ಕೇಳಬಹುದು: ದುಡಿಮೆಗೆ ಕೂಲಿ ಬೇಡವೇ? ಬೇಕು, ಮತ್ತು ಅಮೆರಿಕದಲ್ಲಿ ಆ ದುಡಿಮೆ ಹಗುರವಾದದ್ದಲ್ಲ. 2005ರಲ್ಲಿ ಅಲ್ಲಿನ ಸಂಸತ್ತು ದಿವಾಳಿಯ ದುರುಪಯೋಗ ತಡೆಯುತ್ತೇವೆಂದು ಹೊಸ ಕಾನೂನು ಮಾಡಿತು. ಆದಾಯದ ಪರೀಕ್ಷೆ ಬಂತು, ಅರವತ್ತು ದಿನಗಳ ಸಂಬಳದ ಚೀಟಿ ಬಂತು, ತೆರಿಗೆ ರಿಟರ್ನು, ಅರ್ಜಿಗೆ ಮೊದಲೊಂದು ಸಾಲ ಸಮಾಲೋಚನೆ, ಮನ್ನಾಕ್ಕೆ ಮೊದಲು ಇನ್ನೊಂದು ಹಣಕಾಸು ಪಾಠ, ಮೇಲಾಗಿ ಅರ್ಜಿಯಲ್ಲಿರುವ ವಿವರಗಳನ್ನು ವಿಚಾರಿಸಿ ನೋಡಿದ್ದೇನೆಂದು ವಕೀಲರ ಸಹಿ. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2008ರಲ್ಲಿ ಕೊಟ್ಟ ವರದಿಯ ಪ್ರಕಾರ ಏಳನೇ ಅಧ್ಯಾಯದ ಸರಾಸರಿ ವಕೀಲ ಫೀಸು ಕಾನೂನಿಗೆ ಮೊದಲು 712 ಡಾಲರ್ ಇದ್ದದ್ದು, ಎರಡೇ ವರ್ಷದಲ್ಲಿ 1,078 ಡಾಲರಿಗೆ ಏರಿತ್ತು. ಸಂಸತ್ತು ಹೇರಿದ ಕಾಗದದ ಹೊರೆಯ ಬಿಲ್ಲನ್ನು ಬಡವರಿಗೆ ಮುಟ್ಟಿಸಿದವರು ವಕೀಲರು, ಬೈಗುಳ ತಿಂದವರೂ ಅವರೇ. ಇಷ್ಟು ಒಪ್ಪಿಕೊಂಡ ಮೇಲೆ ಒಂದು ಮಾತನ್ನು ವೃತ್ತಿಗೂ ಹೇಳಬೇಕಾಗುತ್ತದೆ. ಯಾವ ಅಧ್ಯಾಯ ನಿಮಗೆ ಹೊಂದುತ್ತದೆ ಎಂದು ಸಲಹೆ ಕೊಡುವವರೇ ಒಂದು ಅಧ್ಯಾಯದಿಂದ ಹೆಚ್ಚು ಗಳಿಸುವಂತಿದ್ದರೆ ಆ ಸಲಹೆಯನ್ನು ಯಾರಾದರೂ ತಪಾಸಣೆ ಮಾಡಬೇಕು. ಫೀಸು ವಿಪರೀತವೆನಿಸಿದರೆ ಹಿಂತಿರುಗಿಸಲು ಆದೇಶಿಸುವ ಅಧಿಕಾರ ಕೋರ್ಟಿಗಿದೆ. ಆದರೆ ಹದಿಮೂರನೇ ಅಧ್ಯಾಯದಲ್ಲಿ ಹಲವು ಜಿಲ್ಲೆಗಳ ಕೋರ್ಟುಗಳು ಒಂದು ಮೊತ್ತವನ್ನು ನಿಗದಿ ಮಾಡಿ, ಅಷ್ಟರೊಳಗಿದ್ದರೆ ವಿಚಾರಿಸದೆ ಮಂಜೂರು ಮಾಡುತ್ತವೆ. ಕೆಲವು ವಕೀಲರು ಏಳನೇ ಅಧ್ಯಾಯದ ಕೆಲಸವನ್ನೇ ಎರಡು ಕರಾರುಗಳಾಗಿ ಸೀಳಿ, ಅರ್ಜಿಗೆ ಮೊದಲಿನದಕ್ಕೆ ಅಲ್ಪಸ್ವಲ್ಪ, ಅರ್ಜಿಯ ನಂತರದ್ದಕ್ಕೆ ಕಂತಿನ ಮೇಲೆ ದೊಡ್ಡ ಮೊತ್ತ ಎಂದು ದಾರಿ ಹುಡುಕಿದ್ದಾರೆ. ಕೋರ್ಟುಗಳು ಇದರ ಬಗ್ಗೆ ಒಮ್ಮತಕ್ಕೆ ಬಂದಿಲ್ಲ. 2022ರಲ್ಲಿ ಸರ್ಕಾರದ ಟ್ರಸ್ಟಿ ಇಲಾಖೆ ಇಂಥ ಕರಾರುಗಳಿಗೆ ಮಾರ್ಗಸೂಚಿ ಕೊಡಬೇಕಾಯಿತು. ಮುಂಬಾಗಿಲಿನಿಂದ ಪಡೆಯಲಾಗದ ಕೂಲಿಯನ್ನು ಹಿತ್ತಲಿನಿಂದ ತರಿಸಿಕೊಳ್ಳುವ ಸ್ಥಿತಿಗೆ ಕಾನೂನೇ ಒಂದು ವೃತ್ತಿಯನ್ನು ತಂದರೆ ಇನ್ನೇನಾಗುತ್ತದೆ?

ವಕೀಲರೇ ಬೇಡ, ಜನ ತಾವೇ ಅರ್ಜಿ ಹಾಕಿಕೊಳ್ಳಲಿ ಎಂಬುದು ಇನ್ನೊಂದು ವಾದ. ಮನೆಯಿಲ್ಲದ, ಆಸ್ತಿಯಿಲ್ಲದ ಸರಳ ಪ್ರಕರಣಗಳಿಗೆ ಇದು ನಿಜವೇ. ಅಪ್‌ಸಾಲ್ವ್ ಎಂಬ ಲಾಭರಹಿತ ಸಂಸ್ಥೆ ಉಚಿತ ತಂತ್ರಾಂಶದ ಮೂಲಕ ಏಳನೇ ಅಧ್ಯಾಯದ ಅರ್ಜಿ ತುಂಬಿಸುತ್ತಿದೆ. ಆದರೆ ಹದಿಮೂರನೇ ಅಧ್ಯಾಯದಲ್ಲಿ ವಕೀಲರಿಲ್ಲದೆ ದಡ ಸೇರುವವರು ತೀರ ವಿರಳ. ಅರ್ಜಿ ಟೈಪು ಮಾಡಿಕೊಡುವವರಿಗೆ ಕಾನೂನು ಸಲಹೆ ಕೊಡುವಂತಿಲ್ಲ ಎಂಬ ನಿರ್ಬಂಧವಿರುವುದರಿಂದ ಅವರ ನೆರವೂ ಅಷ್ಟಕ್ಕಷ್ಟೇ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ. ದಿವಾಳಿ ಅಗ್ಗವಾದರೆ ಸಾಲ ತೀರಿಸುವ ಮನಸ್ಸೇ ಹೋಗುತ್ತದೆ, ಸ್ವಲ್ಪ ಖರ್ಚಿರುವುದೇ ಒಳ್ಳೆಯದು ಎಂಬುದು. 1973ರ ಕ್ರಾಸ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕು ಮತಗಳಿಂದ, ದಿವಾಳಿ ಅರ್ಜಿಯ 50 ಡಾಲರ್ ಶುಲ್ಕವನ್ನು ಬಡವರಿಗೂ ಬಿಡಬೇಕಿಲ್ಲ ಎಂದಿತು. ವಾರಕ್ಕೆ ಕಟ್ಟಬೇಕಾದ ಕಂತು ಒಂದು ಸಿನಿಮಾ ಟಿಕೆಟ್ಟಿಗಿಂತ ಕಡಿಮೆ ಎಂಬ ಲೆಕ್ಕವೂ ಬಹುಮತದ ತೀರ್ಪಿನಲ್ಲಿದೆ. ಸಿನಿಮಾವನ್ನೇ ನೋಡದವರ ಬಗ್ಗೆ ಆ ಲೆಕ್ಕ ಏನು ಹೇಳುತ್ತದೆಂದು ಭಿನ್ನಮತದ ನ್ಯಾಯಮೂರ್ತಿಗಳಿಗೆ ಅರ್ಥವಾಗಿತ್ತು. ಸರ್ಕಾರಿ ಶುಲ್ಕಕ್ಕೆ ವಿನಾಯಿತಿ ಬಂದದ್ದು 32 ವರ್ಷಗಳ ನಂತರ, ವಕೀಲ ಫೀಸನ್ನು ಏರಿಸಿದ ಅದೇ 2005ರ ಕಾನೂನಿನಿಂದ. ಅದೂ ಏಳನೇ ಅಧ್ಯಾಯಕ್ಕೆ ಮಾತ್ರ, ಬಡತನದ ರೇಖೆಯ ಒಂದೂವರೆ ಪಟ್ಟಿಗಿಂತ ಕಡಿಮೆ ಆದಾಯದವರಿಗೆ. ಆಕ್ಷೇಪಕ್ಕೆ ನನ್ನ ಉತ್ತರ ಇಷ್ಟು: ಜರಡಿ ಬೇಕೆಂದರೆ ಇರಲಿ, ಆದರೆ ಅದು ಮೋಸಗಾರರನ್ನು ಜರಡಿ ಹಿಡಿಯಬೇಕು. ಮುಂಗಡ ಫೀಸು ಬೇರ್ಪಡಿಸುವುದು ಕೈಯಲ್ಲಿ ರೊಕ್ಕ ಇದ್ದವರನ್ನೂ ಇಲ್ಲದವರನ್ನೂ. ಆಸ್ತಿ ಬಚ್ಚಿಟ್ಟವನಿಗೆ ಸಾವಿರ ಡಾಲರ್ ಹೊಂದಿಸುವುದು ಕಷ್ಟವಲ್ಲ. ತೆರಿಗೆ ಚೆಕ್ಕಿನ ವಾರ ಅರ್ಜಿ ಹಾಕಿದವರು ಹಿಂದಿನ ವಾರಕ್ಕಿಂತ ಹೆಚ್ಚು ಅಪ್ರಾಮಾಣಿಕರಾಗಿರಲಿಲ್ಲ.

ನಮ್ಮಲ್ಲಿಗೆ ಬರೋಣ. 2016ರ ದಿವಾಳಿ ಸಂಹಿತೆಯ ಮೂರನೇ ಭಾಗ ವ್ಯಕ್ತಿಗಳದ್ದು. 2019ರ ಡಿಸೆಂಬರ್ 1ರಿಂದ ಅದು ಜಾರಿಗೆ ಬಂದದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಉಳಿದವರಿಗೆ ಈಗಲೂ ಬ್ರಿಟಿಷರ ಕಾಲದ, 1909ರ ಮತ್ತು 1920ರ ಕಾಯ್ದೆಗಳೇ. ಹೊಸ ಆರಂಭ ಎಂಬ ಹೆಸರಿನ ಸಾಲಮನ್ನಾ ಪ್ರಕ್ರಿಯೆ 80ನೇ ಕಲಮಿನಲ್ಲಿ ಮಲಗಿದೆ: ವರ್ಷದ ಆದಾಯ 60,000 ರೂಪಾಯಿ ಮೀರದ, ಆಸ್ತಿ 20,000 ಮೀರದ, ಅರ್ಹ ಸಾಲ 35,000 ಮೀರದ, ಸ್ವಂತ ಮನೆಯಿಲ್ಲದವರಿಗೆ. ಈ ಮಿತಿ ಏರಿಸಬೇಕೆಂದು ಎಲ್ಲರೂ ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ಆದರೆ ಅರ್ಜಿ ಸಲ್ಲಬೇಕಾದದ್ದು ಸಾಲ ವಸೂಲಾತಿ ನ್ಯಾಯಮಂಡಳಿಗೆ. ಕರ್ನಾಟಕಕ್ಕೆ ಅದಿರುವುದು ಬೆಂಗಳೂರಿನಲ್ಲಿ. ಬೀದರಿನಿಂದ ಸುಮಾರು ಏಳುನೂರು ಕಿಲೋಮೀಟರ್. ತಿಂಗಳಿಗೆ ಐದು ಸಾವಿರ ದುಡಿಯುವ ಮನುಷ್ಯ ಒಂದು ವಿಚಾರಣೆಗೆ ಬಂದುಹೋದರೆ ಬಸ್ಸಿನ ಚಾರ್ಜು, ಮೂರು ದಿನದ ಕೂಲಿ, ವಕಾಲತ್ತಿನ ಖರ್ಚು ಸೇರಿ ಎಷ್ಟಾಗುತ್ತದೆಂದು ನೀವೇ ಕೂಡಿಸಿ, 35,000ದ ಪಕ್ಕದಲ್ಲಿಟ್ಟು ನೋಡಿ. ಅರ್ಜಿ ಪರಿಶೀಲಿಸುವ ಪರಿಹಾರ ವೃತ್ತಿಪರರ ಫೀಸು ಬೇರೆ. 2025ರಲ್ಲಿ ನಮ್ಮ ರಾಜ್ಯ ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ತಂದಿತು. ಅದರಿಂದ ಮನೆ ಮುಂದೆ ಕೂರುವ ಏಜೆಂಟನ್ನು ತಡೆಯಬಹುದು. ತೀರಿಸಲಾಗದ ಬ್ಯಾಂಕಿನ ಸಾಲ ಮಾತ್ರ ಅಲ್ಲೇ ಇರುತ್ತದೆ.

ಇಂಗ್ಲೆಂಡಿನಲ್ಲಿ 2009ರಿಂದ ಸಣ್ಣ ಸಾಲಗಾರರಿಗೆ ಕೋರ್ಟಿಗೇ ಹೋಗದ ಒಂದು ವಿಧಾನವಿದೆ. ಮಾನ್ಯತೆ ಪಡೆದ ಸಾಲ ಸಲಹೆಗಾರರು ಅರ್ಜಿ ತುಂಬಿ ಕಳಿಸುತ್ತಾರೆ, ಅಧಿಕಾರಿ ಆದೇಶ ಕೊಡುತ್ತಾರೆ. ಅದಕ್ಕಿದ್ದ 90 ಪೌಂಡ್ ಶುಲ್ಕವನ್ನೂ 2024ರ ಏಪ್ರಿಲ್‌ನಲ್ಲಿ ತೆಗೆದುಹಾಕಿದರು. ನಮ್ಮಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳಿವೆ. 1987ರ ಕಾಯ್ದೆಯಡಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗಬೇಕು, ಸ್ವಸಹಾಯ ಸಂಘಗಳ ಸಾಲಗಳಲ್ಲಿ ಹೆಚ್ಚಿನವು ಅವರ ಹೆಸರಿನಲ್ಲೇ ಇವೆ. ಹೊಸ ಆರಂಭದ ಅರ್ಜಿಯನ್ನು ಈ ಪ್ರಾಧಿಕಾರಗಳಲ್ಲಿಯೇ ತುಂಬಿ ಸ್ವೀಕರಿಸುವ, ವಕೀಲರಿಗೂ ವೃತ್ತಿಪರರಿಗೂ ಸರ್ಕಾರವೇ ನಿಗದಿತ ಫೀಸು ಕೊಡುವ ನಿಯಮವನ್ನು ಮೊದಲು ಬರೆಯಬೇಕು, ಮಿತಿಯ ಅಂಕಿಗಳನ್ನು ಆಮೇಲೆ ತಿದ್ದಬೇಕು ಎಂಬುದು ಈ ಎರಡು ದಿನಗಳ ಚರ್ಚೆಗೆ ನನ್ನ ಪ್ರಸ್ತಾಪ. ಖಜಾನೆಯ ಖರ್ಚು ಎಂದು ಹಣಕಾಸು ಇಲಾಖೆ ಕೇಳಿಯೇ ಕೇಳುತ್ತದೆ. ವಸೂಲಾಗದ ಸಣ್ಣ ಸಾಲಗಳ ಮೇಲೆ ದಾವೆ, ಡಿಕ್ರಿ, ಅಮಲ್ಜಾರಿ ಅರ್ಜಿಗಳಿಗಾಗಿ ನಮ್ಮ ಸಿವಿಲ್ ಕೋರ್ಟುಗಳು ಈಗ ಸುರಿಯುತ್ತಿರುವ ಹೊತ್ತಿನ ಖರ್ಚನ್ನು ಇದೇ ಪುಟದಲ್ಲಿ ಹೋಲಿಸಿ ಲೆಕ್ಕ ಹಾಕುವ ಕೆಲಸ ಎರಡನೇ ಗೋಷ್ಠಿಯಲ್ಲಾದರೂ ಶುರುವಾಗಲಿ.